ತಾಯಿಯ ನಂತರ ಪೋಷಕರು ಯಾರು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಗಳಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗನಿಗೆ 50 ವರುಷವಾದರೂ ಮುಪ್ಪಿನ ತಾಯಿಯೇ ರೊಟ್ಟಿ ಮುರಿದು ಉಣಿಸುವದನ್ನು ಕಾಣುತ್ತೇವೆ. ಆಕೆಯು ತೀರಿಹೋದ ಮೇಲೆ ಅವನ ಗತಿಯೇನು?

1999ನೇ ಇಸವಿಯ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಮೇರೆಗೆ ಸ್ಥಳೀಯ ಸಮಿತಿಯು ಇಂಥವರಿಗೆ ಪೋಷಕರನ್ನು ನೇಮಿಸುತ್ತದೆ. ಅದರಲ್ಲಿ ಜಿಲ್ಲಾಧಿಕಾರಿಗಳೂ ನೋಂದಾಯಿತ ಸೇವಾಸಂಸ್ಥೆಯವರೂ ಅಂಗವಿಕಲರೊಬ್ಬರೂ ಕೂಡಿ ಕುಳಿತುಕೊಳ್ಳುತ್ತಾರೆ. ಒಬ್ಬರ ಕೈಗೇ ಬಿಡದಿದ್ದದ್ದು ಯುಕ್ತವೆಂದು ನಮಗೆ ತೋರುತ್ತದೆ. ಹೊಲದ ಆಶೆಯಿಂದ ಪೋಷಕರಾಗಬಯಸುವ ನೆಂಟರೂ ಇದ್ದಾರಷ್ಟೆ. ಆದಕಾರಣ ಪೋಷಕನು 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಅನಂತರ ವರುಷ ವರುಷ ಲೆಕ್ಕವನ್ನೂ ಸಮಿತಿಗೆ ಒಪ್ಪಿಸತಕ್ಕದ್ದು. ಅಲಕ್ಷ್ಯಮಾಡಿದರೆ ಅವನನ್ನು ತೆಗೆದುಹಾಕಬಹುದು.

ತಾಯ್ತಂದೆಗಳು ತಾವು ಬದುಕಿರುವಾಗಲೇ ಅರ್ಜಿ ಕೊಡಬಹುದು. ಬರೆಯಲು ಬಾರದವರು ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿಕೊಳ್ಳಲಿ.