ನಾಭಾದ ರಾಜ, ಪಟಿಯಾಲದ ದಾಯಾದಿ

ಮಗನೆ, ಪಂಜಾಬಿನ ನಾಭಾ ಸಂಸ್ಥಾನದ ರಿಪುದಮನ್ ಸಿಂಗನ ಹೆಸರು ನೀನು ಕೇಳಿರಲಾರೆ. ಸಿಖ್ ಅರಸರಲ್ಲಿ ಪಟಿಯಾಲದವರ ವೈಭವವೇ ನಮ್ಮ ಕಿವಿಗೆ ಬಿದ್ದದ್ದು ಹೆಚ್ಚು. ನನಗೆ ಮಾತ್ರ ಈತನ ಬದುಕೇ ಪಾಠ.

ಹುಟ್ಟಿದ್ದು 1883ರಲ್ಲಿ. ಯುವರಾಜನಾಗಿದ್ದಾಗಲೇ ವೈಸ್‌ರಾಯರ ಶಾಸನ ಸಭೆಯಲ್ಲಿ ಕೂತು, ಸಿಖ್ಖರ ಆನಂದ್ ವಿವಾಹಕ್ಕೆ ಕಾನೂನಿನ ಮಾನ್ಯತೆ ಬೇಕೆಂದು 1908ರಲ್ಲಿ ಮಸೂದೆ ತಂದ. ಮರುವರ್ಷ ಅದು ಕಾಯ್ದೆಯಾಯಿತು. 1911ರ ಕೊನೆಗೆ ತಂದೆ ಹೀರಾ ಸಿಂಗ್ ತೀರಿಕೊಂಡು ಗದ್ದುಗೆ ಬಂತು. ಇಂಗ್ಲಿಷರಿಗೆ ಬಾಗುವ ಜಾಯಮಾನ ಅವನದಲ್ಲ; ಗುರುದ್ವಾರಗಳನ್ನು ಮಹಂತರ ಕೈಯಿಂದ ಬಿಡಿಸಲು ಹೊರಟ ಅಕಾಲಿಗಳ ಮೇಲೆ ಅವನಿಗೆ ಒಲವು. ಸರ್ಕಾರಕ್ಕೆ ಇದು ಕಣ್ಣುರಿ. ಆದರೆ ಧರ್ಮದ ಕೆಲಸಕ್ಕೆ ಒಲಿದನೆಂದು ರಾಜನನ್ನು ಇಳಿಸಿದರೆ ಸಿಖ್ಖರು ಸುಮ್ಮನಿರುತ್ತಾರೆಯೆ?

ಬೇರೆ ನೆಪ ಬೇಕಿತ್ತು. ತನ್ನ ಜುಟ್ಟನ್ನು ಅವರ ಕೈಗೆ ಇವನೇ ಕೊಟ್ಟ. ಪಟಿಯಾಲ, ನಾಭಾ, ಜೀಂದ್ ಮೂರೂ ಫೂಲ್ ಎಂಬ ಒಬ್ಬನೇ ಮೂಲಪುರುಷನ ವಂಶ. ಪಟಿಯಾಲದ ಭೂಪಿಂದರ್ ಸಿಂಗನಿಗೂ ಇವನಿಗೂ ಹಾವು ಮುಂಗುಸಿ. ನಾಭಾದವರು ತನ್ನ ಜನರ ಮೇಲೆ ಸುಳ್ಳು ಮೊಕದ್ದಮೆ ಹೂಡಿಸುತ್ತಾರೆಂದು ಆತ ಇಂಗ್ಲಿಷರಿಗೆ ದೂರು ಕೊಟ್ಟ. ವಿಚಾರಣೆಗೆ ಅಲಹಾಬಾದಿನ ನ್ಯಾಯಾಧೀಶ ಸ್ಟುವರ್ಟ್ ಬಂದ. ಹಲವು ಆರೋಪಗಳು ನಿಂತವು. ದೂರೆಲ್ಲ ಕಟ್ಟುಕತೆ ಎಂದು ನಾನೂ ಹೇಳಲಾರೆ, ನೋಡು. 1923ರ ಜುಲೈಯಲ್ಲಿ ರಾಜ ಗದ್ದುಗೆ ಬಿಟ್ಟ. ತಾನಾಗಿ ಬಿಟ್ಟ ಎಂದಿತು ಸರ್ಕಾರ. ಬಿಡಿಸಿದರು ಎಂದರು ಅಕಾಲಿಗಳು.

ಜನ ಕೈಬಿಡಲಿಲ್ಲ. ಜೈತೋ ಊರಿನ ಗುರುದ್ವಾರದಲ್ಲಿ ಅವನಿಗಾಗಿ ಅಖಂಡ ಪಾಠ, ಅಂದರೆ ಗುರು ಗ್ರಂಥದ ಎಡೆಬಿಡದ ಓದು, ಹಿಡಿದರು, ಪೊಲೀಸರು ನಡುವೆಯೇ ನಿಲ್ಲಿಸಿದರು. ನೋಡಲು ಹೋದ ನೆಹರೂ ಅವರನ್ನು ಮದರಾಸಿನ ಕಡೆಯ ಸಂತಾನಂ ಅವರ ಕೈಗೆ ಕೈ ಸೇರಿಸಿ ಬೇಡಿ ಹಾಕಿ, ನಾಭಾ ಜೈಲಿಗೆ ಕಳಿಸಿದರು. 1924ರ ಫೆಬ್ರವರಿ 21ರಂದು ಜೈತೋಗೆ ಬಂದ ಅಕಾಲಿಗಳ ಜಾಥಾದ ಮೇಲೆ ಗುಂಡು ಹಾರಿತು, ಹೆಣಗಳು ಬಿದ್ದವು. 1925ರಲ್ಲಿ ಗುರುದ್ವಾರ ಕಾಯ್ದೆ ಬಂತು, ಜೈತೋದಲ್ಲಿ 101 ಅಖಂಡ ಪಾಠಗಳೂ ಮುಗಿದವು. ಸಿಖ್ ಸಮುದಾಯ ಗೆದ್ದಿತು, ಗದ್ದುಗೆ ಮಾತ್ರ ಮರಳಲಿಲ್ಲ. 1928ರಲ್ಲಿ ಬಿರುದುಗಳನ್ನೂ ಕಿತ್ತುಕೊಂಡು ಕೊಡೈಕನಾಲಿಗೆ ಅಟ್ಟಿದರು. 1942ರಲ್ಲಿ ಅಲ್ಲೇ ತೀರಿಕೊಂಡ.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಸೊಸೈಟಿಯ ಲೆಕ್ಕ ಕೇಳಿ ನೀನು ದೊಡ್ಡವರನ್ನು ಎದುರು ಹಾಕಿಕೊಂಡಿದ್ದೀಯ. ಅದನ್ನು ಬಿಡಬೇಡ. ಆದರೆ ಅದೇ ಹೊತ್ತಿನಲ್ಲಿ ದೊಡ್ಡಪ್ಪನ ಮಗನ ಮೇಲೆ ಬೇಲಿ ಕೇಸು ಯಾಕೆ? ನಾಳೆ ಆ ದೊಡ್ಡವರು ಮೊದಲು ಹುಡುಕಿಕೊಂಡು ಹೋಗುವುದು ಅವನ ಮನೆಗೇ. ಸರ್ವೆಯವರಿಗೆ ಅರ್ಜಿ ಕೊಡು, ಅಳತೆಯ ದಿನ ಅವನನ್ನೂ ಕರೆ, ನಾನೂ ಬಂದು ನಿಲ್ಲುತ್ತೇನೆ. ನಾಲ್ಕು ಅಡಿ ಅವನ ಕಡೆಗೆ ಹೋದರೆ ಹೋಗಲಿ.