ಕೊಳಚೆ ನೀರನ್ನು ಶುದ್ಧಿಗೊಳಿಸುವ ಸೂಕ್ಷ್ಮಜೀವಿಗಳು

ಅರಸೀಕೆರೆ, ಬೇಲೂರು, ಹಳೇಬೀಡು ಪ್ರಾಂತಗಳಲ್ಲಿ ಊರ ತಗ್ಗಿನಲ್ಲಿಯೇ ಕೆರೆಯಿದ್ದರೆ ಮೋರಿಯ ನೀರು ಅತ್ತಲೇ ಹರಿಯುವುದು ಸಹಜ. ಕೆರೆಯು ತಾನಾಗಿಯೇ ಆ ಕೊಳೆಯನ್ನು ಕಳೆದುಕೊಳ್ಳುವುದೆಂದು ಹಲವರ ನಂಬಿಕೆ. ಅದು ಅರ್ಧ ಮಾತ್ರ ನಿಜವು.

ಕೊಳೆಯನ್ನು ತಿಂದು ಕರಗಿಸುವವು ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ನೀರಿನಲ್ಲಿ ಕರಗಿರುವ ಆಮ್ಲಜನಕವೇ ಅವುಗಳಿಗೆ ಉಸಿರು. ಕೊಳೆಯು ಮಿತಿಮೀರಿ ಬಂದರೆ ಅವು ಅಪಾರವಾಗಿ ವೃದ್ಧಿಹೊಂದಿ ಕೆರೆಯ ಆಮ್ಲಜನಕವನ್ನೆಲ್ಲ ಹೀರಿಬಿಡುವುವು. ಮೀನುಗಳು ಉಸಿರುಕಟ್ಟಿ ಸಾಯುವುವು. ಬಳಿಕ ಗಾಳಿಯಿಲ್ಲದೆ ಬದುಕುವ ಬೇರೊಂದು ವರ್ಗದ ಜೀವಿಗಳು ತಲೆಯೆತ್ತಿ ದುರ್ವಾಸನೆಯನ್ನು ಹುಟ್ಟಿಸುವುವು.

ಆದಕಾರಣ ಈ ಕಾರ್ಯವು ನೀರು ಕೆರೆಗೆ ಸೇರುವ ಮುನ್ನವೇ ನಡೆಯತಕ್ಕದ್ದು. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬುವರು ಕೊಳಚೆಗೆ ಗಾಳಿಯನ್ನೂದಿ, ತಳಕ್ಕಿಳಿದ ಕೆಸರನ್ನು ಚೆಲ್ಲದೆ, ಹೊಸ ಕೊಳಚೆಗೆ ಬೆರೆಸುತ್ತ ಹೋದರು. ಆ ಕೆಸರು ಜೀವಿಗಳ ರಾಶಿಯೇ ಆದುದರಿಂದ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸವು ಕೆಲವೇ ಗಂಟೆಗಳಲ್ಲಿ ಮುಗಿಯಿತು. ಹಾಲಿಗೆ ಹೆಪ್ಪು ಹಾಕುವ ನಮ್ಮ ಗೃಹಿಣಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು.

ಅದೇ ಬೆಂಗಳೂರಿನ ಕೊಳಚೆಯು ಸಂಸ್ಕರಣಗೊಂಡು, ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ, 2018ರಲ್ಲಿ ಕೋಲಾರದ ಕೆರೆಗಳನ್ನು ಸೇರತೊಡಗಿತು. ಅದು ಅಂತರ್ಜಲವನ್ನು ಹೆಚ್ಚಿಸುವುದಕ್ಕಾಗಿ ಬಿಟ್ಟ ನೀರು. ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು ರೈತರು ಕಳವಳಪಟ್ಟರು. ಇಂತಹ ಸ್ಥಾವರಗಳನ್ನು ಕಟ್ಟುವುದಕ್ಕಿಂತ ಎಡೆಬಿಡದೆ ನಡೆಸುವುದೇ ಕಷ್ಟವೆಂದು ನನ್ನ ಅಭಿಪ್ರಾಯ. ಗಾಳಿಯೂದುವುದು ನಿಂತರೆ ಜೀವಿಗಳೂ ಸೊರಗುವುವು.

ಹಳ್ಳಿಯ ಮನೆಗಳ ಬಚ್ಚಲು ನೀರಿಗೆ ಯಂತ್ರವು ಬೇಕಿಲ್ಲ. ಅರಸೀಕೆರೆಯ ಕಡೆಯವರು ಅದನ್ನು ತೆಂಗಿನ ಪಾತಿಗಳಿಗೆ ಸರದಿಯಂತೆ ಹಾಯಿಸಬಹುದು. ಮಣ್ಣಿನ ಜೀವಿಗಳೇ ಕೊಳೆಯನ್ನು ಕರಗಿಸುವುವು. ಆದರೆ ಎರಡು ಸರದಿಗಳ ನಡುವೆ ಪಾತಿಯು ಆರಬೇಕು. ಸದಾ ಜವುಗಾದ ಮಣ್ಣಿನೊಳಕ್ಕೆ ಗಾಳಿಯು ಇಳಿಯದು. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಗಳಿಗೆ ಈ ನೀರು ಸರ್ವಥಾ ಕೂಡದು. ತೋಟವಿಲ್ಲದವರು ಕುಡಿಯುವ ನೀರಿನ ಬಾವಿಗೆ ದೂರವಾಗಿ ಇಂಗುಗುಂಡಿಯನ್ನು ತೆಗೆಯಿಸತಕ್ಕದ್ದು.

ಬೇಲೂರಿನ ಕಾಫಿ ತೋಟದವರು ಇನ್ನೊಂದನ್ನು ಗಮನಿಸಬೇಕು. ಹಣ್ಣನ್ನು ಪಲ್ಪ್ ಮಾಡಿದ ನೀರಿನಲ್ಲಿ ಸಕ್ಕರೆಯ ಅಂಶವಿರುವುದರಿಂದ ಅದು ಬೇಗನೆ ಹುಳಿಯುವುದು. ಆ ಹುಳಿಯಲ್ಲಿ ಶುದ್ಧಿಮಾಡುವ ಜೀವಿಗಳು ಚೆನ್ನಾಗಿ ಬೆಳೆಯಲಾರವು. ಮೊದಲು ಸುಣ್ಣ ಬೆರೆಸಿ ಹುಳಿಯನ್ನು ಮುರಿದು, ಅನಂತರ ಹೊಂಡಗಳಲ್ಲಿ ನಿಲ್ಲಿಸಿ ಗಾಳಿಯಾಡಿಸಬೇಕು. ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಕೆಳಗಿನ ಊರಿನ ದನಕರುಗಳು ಕುಡಿಯುವ ನೀರು ಕೆಡುವುದು. ಹೊಂಡಗಳನ್ನು ಕೊಯ್ಲು ಆರಂಭವಾಗುವ ಮುನ್ನವೇ ತೋಡಿಸಿಡುವುದು ಲೇಸು. ಪಲ್ಪರು ತಿರುಗತೊಡಗಿದ ಮೇಲೆ ಅದಕ್ಕೆ ಆಳುಗಳು ಸಿಕ್ಕುವುದಿಲ್ಲ.