ಕಾಣದ ವೈರಸ್, ಕಲಿಯುವ ಯಂತ್ರ

ನಾವು ಕಾಮಣಿ ಎಂದು ಕರೆಯುವ ಕಾಮಾಲೆ ರೋಗವು ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಮನೆಗಳಿಗೆ ಹೊಸ ಮಾತಲ್ಲ. 2012ರಲ್ಲಿ ಇಚಲಕರಂಜಿಯಲ್ಲಿ ಅದು ಊರೆಲ್ಲ ಹಬ್ಬಿ ಸಾವುಗಳೂ ಸಂಭವಿಸಿದವು. ಹೊಲಸು ಸೇರಿದ ನೀರಿನ ಮೂಲಕ ದೇಹವನ್ನು ಹೊಗುವ ‘ಹೆಪಟೈಟಿಸ್ ಇ’ ಎಂಬ ವೈರಸ್ಸೇ ಅದಕ್ಕೆ ಕಾರಣ. ಈ ವೈರಿ ಎಷ್ಟು ಚಿಕ್ಕದು? ಅದನ್ನು ಕಾಣುವ ಬಗೆ ಹೇಗೆ? ಈ ಪಾಠದಲ್ಲಿ ತಿಳಿಯೋಣ.

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಈ ವೈರಸ್ಸಿನ ಅಡ್ಡಳತೆ ಸುಮಾರು 30. ಅಂದರೆ ಒಂದು ಕೂದಲಿನ ಅಗಲದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಇಡಬಹುದು! ನಮ್ಮ ಪ್ರಯೋಗಶಾಲೆಯ ಸೂಕ್ಷ್ಮದರ್ಶಕವು ಸುಮಾರು 200 ನ್ಯಾನೋಮೀಟರಿಗಿಂತ ಸಣ್ಣ ವಿವರವನ್ನು ಬಿಡಿಸಿ ತೋರಿಸಲಾರದು. ಬೆಳಕಿನ ಅಲೆಯೇ ಅದಕ್ಕಿಂತ ಉದ್ದ.

ಆದ್ದರಿಂದ ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಬಳಸುವ ಸೂಕ್ಷ್ಮದರ್ಶಕ ಬೇಕಾಯಿತು. 1931ರಲ್ಲಿ ಜರ್ಮನಿಯ ಅರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಅದರ ಮೊದಲ ಮಾದರಿಯನ್ನು ರಚಿಸಿದರು. ರಷ್ಯಾದ ವಿಜ್ಞಾನಿ ಮಿಖಾಯಿಲ್ ಬಾಲಯಾನ್ ರೋಗಿಗಳ ಮಲದಿಂದ ತಯಾರಿಸಿದ ದ್ರಾವಣವನ್ನು ತಾವೇ ಕುಡಿದು ಕಾಮಾಲೆಗೆ ತುತ್ತಾದರು. ತಮ್ಮ ಮಲದಲ್ಲಿ ಈ ವೈರಸ್ ಕಣಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡು 1983ರಲ್ಲಿ ಪ್ರಕಟಿಸಿದರು. ಎಂಥ ಎದೆಗಾರಿಕೆ!

ಆದರೆ ಇಲ್ಲೊಂದು ತೊಡಕುಂಟು. ಎಲೆಕ್ಟ್ರಾನುಗಳ ಹೊಡೆತ ಹೆಚ್ಚಾದರೆ ವೈರಸ್ಸೇ ಕೆಡುತ್ತದೆ. ಕಡಿಮೆಯಾದರೆ ಚಿತ್ರದ ತುಂಬ ಮರಳು ಚೆಲ್ಲಿದಂತೆ ಚುಕ್ಕೆಗಳು ಕಾಣುತ್ತವೆ. ಇದಕ್ಕೆ ಹಳೆಯ ಉಪಾಯ ಸರಾಸರಿ. ಇಚಲಕರಂಜಿಯ ಮಗ್ಗದಿಂದ ಒಂದೇ ವಿನ್ಯಾಸದ ನೂರು ಬಟ್ಟೆಗಳು ಬಂದವೆನ್ನಿ. ಒಂದೊಂದರ ಮೇಲೂ ಕಲೆ ಬೇರೆ ಬೇರೆ ಕಡೆ ಬಿದ್ದಿದೆ. ವಿನ್ಯಾಸ ಮಾತ್ರ ಒಂದೇ. ನೂರನ್ನೂ ಹೋಲಿಸಿದರೆ ನಿಜವಾದ ವಿನ್ಯಾಸ ತಿಳಿಯುತ್ತದೆ. ಹಾಗೆಯೇ ನೂರು ಚಿತ್ರಗಳ ಸರಾಸರಿ ತೆಗೆದರೆ ಚುಕ್ಕೆಗಳ ಕಾಟ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಈಗ ಗಣಕಯಂತ್ರಕ್ಕೇ ಈ ವಿವೇಚನೆಯನ್ನು ಕಲಿಸುತ್ತಾರೆ. ಇದೇ ಯಂತ್ರಕಲಿಕೆ. ಒಂದೇ ವಸ್ತುವಿನ ಎರಡು ಮಸುಕು ಚಿತ್ರಗಳನ್ನು ಕೊಟ್ಟು, ‘ಒಂದನ್ನು ನೋಡಿ ಇನ್ನೊಂದನ್ನು ಊಹಿಸು’ ಎನ್ನುತ್ತಾರೆ. ಚುಕ್ಕೆಗಳು ಎಲ್ಲಿ ಬೀಳುವವೆಂದು ಊಹಿಸಲು ಯಾರಿಗೂ ಬಾರದು. ಆಕಾರವನ್ನು ಮಾತ್ರ ಊಹಿಸಬಹುದು. ಸಾವಿರಾರು ಸಲ ತಪ್ಪಿ ತಿದ್ದಿಕೊಳ್ಳುತ್ತ ಯಂತ್ರವು ಚುಕ್ಕೆಯನ್ನು ಬಿಟ್ಟು ಆಕಾರವನ್ನು ಹಿಡಿಯಲು ಕಲಿಯುತ್ತದೆ. ಸ್ವಚ್ಛ ಚಿತ್ರವನ್ನು ಒಮ್ಮೆಯೂ ತೋರಿಸದೆ ಹೀಗೆ ಕಲಿಸಬಹುದೆಂದು 2018ರಲ್ಲಿ ತೋರಿಸಲಾಯಿತು. ಬಳಿಕ, ಹೆಪ್ಪುಗಟ್ಟಿಸಿದ ಕಣಗಳನ್ನು ನೋಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಿಗೂ ಈ ಕ್ರಮ ಬಂದಿತು.

ಹಾಗಾದರೆ ಯಂತ್ರ ಕೊಟ್ಟ ಚಿತ್ರವನ್ನು ಕಣ್ಣುಮುಚ್ಚಿ ನಂಬಬಹುದೇ? ಕೂಡದು. ಬರೀ ಚುಕ್ಕೆಗಳಿರುವ ಸಾವಿರ ಚಿತ್ರಗಳನ್ನು ಐನ್‌ಸ್ಟೈನರ ಭಾವಚಿತ್ರಕ್ಕೆ ಸರಿಹೊಂದುವಂತೆ ಸರಿಸಿ ಸರಾಸರಿ ತೆಗೆದರೆ, ಅಲ್ಲಿ ಇಲ್ಲದ ಐನ್‌ಸ್ಟೈನರ ಮುಖವೇ ಮೂಡುತ್ತದೆ! ಹುಡುಕುವವನು ಮನಸ್ಸಿನಲ್ಲಿ ಇಟ್ಟುಕೊಂಡದ್ದೇ ಚಿತ್ರದಲ್ಲಿ ಕಂಡೀತು. ಯಂತ್ರವೂ ಅಷ್ಟೇ, ತಾನು ಮೊದಲು ಕಂಡ ವೈರಸ್ಸಿನ ರೂಪವನ್ನು ಹೊಸ ವೈರಸ್ಸಿಗೆ ತೊಡಿಸಿಬಿಡಬಹುದು.

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ, ಕೇರಳದಲ್ಲಿದ್ದ ಭಾರತದ ಮೊದಲ ಕೋವಿಡ್ ರೋಗಿಯ ಮಾದರಿಯನ್ನು ಪರೀಕ್ಷಿಸಿದಾಗ ಕಂಡ ಕಣಗಳು ಕೇವಲ ಏಳು. ಚೆನ್ನಾಗಿ ಉಳಿದಿದ್ದ ಒಂದರ ಅಳತೆ 75 ನ್ಯಾನೋಮೀಟರ್. ಏಳೇ ಕಣಗಳಿರುವಾಗ ಯಂತ್ರವು ಒಂದು ಗೆರೆಯನ್ನು ಕೂಡಿಸಿದರೂ ನಿರ್ಣಯ ಕೆಟ್ಟೀತು. ಆದ್ದರಿಂದ ತಿದ್ದಿದ ಚಿತ್ರದ ಜೊತೆಗೆ ಮೂಲಚಿತ್ರವನ್ನೂ ಕಾಪಾಡಬೇಕು. ರೋಗನಿರ್ಣಯಕ್ಕೆ ಬೇರೆ ಪರೀಕ್ಷೆಯ ಸಾಕ್ಷಿಯೂ ಬೇಕು.

ವಿದ್ಯಾರ್ಥಿ ಮಿತ್ರರೇ, ಇದನ್ನು ನೀವೇ ಪರೀಕ್ಷಿಸಿರಿ. ಹತ್ತು ಜನ ಒಂದೇ ಮೇಜನ್ನು ಬೇರೆ ಬೇರೆ ಅಳತೆಪಟ್ಟಿಗಳಿಂದ ಮಿಲಿಮೀಟರಿನವರೆಗೆ ಅಳೆದು ಸರಾಸರಿ ತೆಗೆಯಿರಿ. ಬಳಿಕ ತುದಿ ಸವೆದ ಒಂದೇ ಪಟ್ಟಿಯಿಂದ ಎಲ್ಲರೂ ಅಳೆಯಿರಿ. ಮೊದಲ ಸಲ ಒಬ್ಬೊಬ್ಬರ ತಪ್ಪು ಒಂದನ್ನೊಂದು ಅಳಿಸುತ್ತದೆ. ಎರಡನೆಯ ಸಲ ಹತ್ತಲ್ಲ, ನೂರು ಜನ ಅಳೆದರೂ ಪಟ್ಟಿಯ ತಪ್ಪು ಹಾಗೆಯೇ ಉಳಿಯುತ್ತದೆ. ಯಂತ್ರಕ್ಕೆ ಪಾಠ ಹೇಳುವವರು ಮೊದಲು ನೋಡಬೇಕಾದದ್ದು ಆ ಪಟ್ಟಿಯನ್ನೇ.